ನೋರಾ ಮಿಸ್ ಹೇಳಿದ ಗಡಿಗೆ, ಇಬ್ರಾದ ಗೋರಿ

ಆಗೆಲ್ಲ ಜೂನ್ ಬಂತೆಂದರೆ ಒಮಾನಿನ ಇಬ್ರಾದಲ್ಲಿ ನಮ್ಮವರು ಯಾರೂ ಉಳಿಯುತ್ತಿರಲಿಲ್ಲ. ಸ್ಕೂಲಿಗೆ ರಜೆ ಸಿಕ್ಕ ಮರುದಿನವೇ ಉಡುಪಿಯವರು, ಮೈಸೂರಿನವರು, ಕೇರಳದವರು ಎಲ್ಲರೂ ರಟ್ಟಿನ ಪೆಟ್ಟಿಗೆಗಳಿಗೆ ಹಗ್ಗ ಬಿಗಿದು, ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು, ಮಸ್ಕತ್ತಿನ ವಿಮಾನ ನಿಲ್ದಾಣದ ದಾರಿ ಹಿಡಿಯುತ್ತಿದ್ದರು. ಪೆಟ್ಟಿಗೆಯೊಳಗೆ ಹಾಲಿನ ಪುಡಿ, ಬಾದಾಮಿ, ತಲೆನೋವಿನ ತೈಲ, ಮಾವಂದಿರಿಗೆ ಅಂಗಿಬಟ್ಟೆ. ಸೆಪ್ಟೆಂಬರ್‌ವರೆಗೆ ಇಬ್ರಾದಲ್ಲಿ ಕನ್ನಡ ಮಾತಾಡುವ ಒಂದು ಮನೆಯೂ ಇರುತ್ತಿರಲಿಲ್ಲ.

ನಾನು ಐದನೇ ಕ್ಲಾಸು ಮುಗಿಸಿದ ವರ್ಷ ಮಾತ್ರ ನಾವು ಹೋಗಲಿಲ್ಲ. ಅಮ್ಮನ ಹೊಟ್ಟೆಯಲ್ಲಿ ನನ್ನ ತಂಗಿ ಇದ್ದಳು. ವಿಮಾನ ಹತ್ತುವುದು ಬೇಡ, ಹೆಚ್ಚು ಓಡಾಡುವುದೂ ಬೇಡ ಎಂದು ಡಾಕ್ಟರು ಹೇಳಿದ್ದರು. ಅಪ್ಪ ಒಂದು ಕಂಪನಿಯಲ್ಲಿ ಪಂಪು, ಜನರೇಟರುಗಳ ಸೂಪರ್‌ವೈಸರ್. ವಾರದ ರಜೆ ಆಗ ಗುರುವಾರ, ಶುಕ್ರವಾರ. ಸುವೈಕ್‌ನಲ್ಲಿ ದೊಡ್ಡಪ್ಪನಿಗೆ ಬಿಡಿಭಾಗಗಳ ಅಂಗಡಿ ಇತ್ತು. ಅಲ್ಲಿ ಕೈಜೋಡಿಸಲು ಅಪ್ಪ ಬುಧವಾರ ಸಂಜೆ ಹೋದರೆ ಶುಕ್ರವಾರ ಸಂಜೆ ಬರುತ್ತಿದ್ದರು. ಹೀಗಾಗಿ ಆ ಬೇಸಗೆಯಲ್ಲಿ ನನ್ನನ್ನೂ ನನ್ನ ತಮ್ಮ ಕಿಟ್ಟುವನ್ನೂ ಹಿಡಿದು ನಿಲ್ಲಿಸುವವರು ಯಾರೂ ಇರಲಿಲ್ಲ.

ಕಿಟ್ಟುವಿಗೆ ಏಳು ವರ್ಷ. ಎಚ್ಚರವಿದ್ದಷ್ಟು ಹೊತ್ತೂ ಮಾತು. ಹಲ್ಲುಜ್ಜುವಾಗಲೂ ನೊರೆಯ ನಡುವೆಯೇ ಏನೋ ಹೇಳುತ್ತಿದ್ದ. ಊಟಕ್ಕೆ ಕೂತರೆ ಬಾಯಲ್ಲಿ ಗಂಜಿ ಇಟ್ಟುಕೊಂಡು, "ಅಕ್ಕ, ಒಂಟೆಗೆ ಶೀತ ಆದ್ರೆ ಸೀನ್ತದಾ?" ಎಂದು ಕೇಳುತ್ತಿದ್ದ. ನಮ್ಮ ಮನೆ ಮಾಲೀಕಳು ಝುವೈನಾ ಎಂಬ ಮುದುಕಿ. ಅವಳು ಅವನಿಗೆ 'ಬಬ್ಬಗಾ' ಎಂದು ಹೆಸರಿಟ್ಟಿದ್ದಳು. ಬಬ್ಬಗಾ ಅಂದರೆ ಗಿಳಿ.

ಝುವೈನಾಳ ಮನೆ ಖರ್ಜೂರದ ತೋಟದ ಅಂಚಿನಲ್ಲಿತ್ತು. ದೊಡ್ಡ ಮಣ್ಣಿನ ಮನೆಯಲ್ಲಿ ಅವಳು, ಅವಳ ಮಗನ ಸಂಸಾರ. ಅದೇ ಕಾಂಪೌಂಡಿನೊಳಗೆ ಎರಡು ಚಿಕ್ಕ ಸಿಮೆಂಟಿನ ಮನೆಗಳು ಬಾಡಿಗೆಗೆ. ಒಂದರಲ್ಲಿ ನಾವು. ಇನ್ನೊಂದರಲ್ಲಿ ನೋರಾ ಮಿಸ್. ನಡುವೆ ಎಲ್ಲರಿಗೂ ಸೇರಿದ ಅಂಗಳ, ಅಂಗಳದಲ್ಲಿ ಅವರು ಸಿದ್ರ್ ಎನ್ನುವ, ನಾವು ಬೋರೆ ಎನ್ನುವ ದೊಡ್ಡ ಮರ. ಝುವೈನಾಳ ಮೊಮ್ಮಗಳು ರಯ್ಯಾ ನನ್ನ ವಯಸ್ಸಿನವಳು. ಅವಳು ಅಜ್ಜಿಯನ್ನು 'ಜದ್ದಾ' ಎನ್ನುತ್ತಿದ್ದಳು, ನಾವೂ ಹಾಗೆಯೇ ಕರೆದೆವು. ಜದ್ದಾ ಹುಟ್ಟಿದ್ದು ಝಾಂಜಿಬಾರಿನಲ್ಲಿ. ಅಲ್ಲಿನ ಗುಜರಾತಿ ಅಂಗಡಿಗಳಲ್ಲಿ ಕಲಿತ ಹಿಂದಿ ಅವಳಿಗೆ ಬರುತ್ತಿತ್ತು. ಆ ಹಿಂದಿಯಲ್ಲಿ ಲಿಂಗ, ವಚನ ಒಂದೂ ಇರಲಿಲ್ಲ, ಅಮ್ಮನ ಹಿಂದಿಯಲ್ಲೂ ಇರಲಿಲ್ಲ. ಇಬ್ಬರಿಗೂ ಚೆನ್ನಾಗಿಯೇ ಅರ್ಥವಾಗುತ್ತಿತ್ತು.

ಆ ಬೇಸಗೆಯ ದಿನಚರಿ ಬಿಸಿಲೇ ಬರೆದದ್ದು. ಬೆಳಿಗ್ಗೆ ಬೇಗ ಎದ್ದು ತೋಟಕ್ಕೆ ಓಡುತ್ತಿದ್ದೆವು. ತೋಟದೊಳಗೆ ಫಲಜ್ ಹರಿಯುತ್ತಿತ್ತು. ದೂರದ ಗುಡ್ಡದ ಬುಡದಿಂದ ನೀರು ತರುವ ಕಾಲುವೆ ಅದು, ನಮ್ಮ ಮೊಣಕಾಲಿನಷ್ಟು ಆಳ. ಕಾಲಿಟ್ಟರೆ ಸಣ್ಣ ಮೀನುಗಳು ಬಂದು ಬೆರಳು ಕಚ್ಚುತ್ತಿದ್ದವು. ಮರದಿಂದ ಬಿದ್ದ ಖರ್ಜೂರ, ಒಂದು ಕಡೆ ಹಳದಿಯಾಗಿ ಗಟ್ಟಿ, ಇನ್ನೊಂದು ಕಡೆ ಕಂದಾಗಿ ಮೆತ್ತಗೆ. ಅದನ್ನು ಫಲಜ್‌ನಲ್ಲಿ ತೊಳೆದು ತಿಂದರೆ ಮಧ್ಯಾಹ್ನದವರೆಗೆ ಹಸಿವಿಲ್ಲ. ಒಂಬತ್ತಾದರೆ ಮನೆಯೊಳಗೆ. ಏಸಿಯ ಗುರುಗುರು ಸದ್ದಿನಲ್ಲಿ ಅಮ್ಮ ಮಲಗಿರುತ್ತಿದ್ದಳು, ಅಡುಗೆಮನೆಯಿಂದ ಒಣಸಿಗಡಿ ಹುರಿದ ವಾಸನೆ ಹೋಗದೆ ಅಲ್ಲೇ ಸುತ್ತುತ್ತಿರುತ್ತಿತ್ತು. ಸಂಜೆ ಬಿಸಿಲು ಇಳಿದ ಮೇಲೆ ಅಂಗಳದಲ್ಲಿ ಲಗೋರಿ. ರಯ್ಯಾಳಿಗೆ ಆಟ ಕಲಿಸಿದ್ದು ನಾನು. ಲಗೋರಿಗೆ ಬೇಕಾದ ಚಪ್ಪಟೆ ಕಲ್ಲು ತಂದುಕೊಟ್ಟಿದ್ದು ಅವಳು, ತೋಟದ ಹಿಂದಿನ ಗುಡ್ಡದಿಂದ.

ಆ ಗುಡ್ಡದ ಮೇಲೇ ಗೋರಿ ಇತ್ತು. ನಮ್ಮ ಅಂಗಳದಿಂದ ನೋಡಿದರೆ ಯಾರೋ ಲಗೋರಿ ಪೇರಿಸಿ ಅರ್ಧಕ್ಕೆ ಬಿಟ್ಟಂತೆ ಕಾಣುತ್ತಿತ್ತು. ಚಪ್ಪಟೆ ಕಲ್ಲುಗಳನ್ನು ಗಾರೆಯಿಲ್ಲದೆ ದುಂಡಗೆ ಪೇರಿಸಿದ ಗೂಡು, ಮೇಲಿನ ಭಾಗ ಕುಸಿದಿತ್ತು. ಯಾವ ಕಾಲದ್ದು ಎಂದು ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ "ಮಿನ್ ಝಮಾನ್" ಎನ್ನುತ್ತಿದ್ದರು, ಬಹಳ ಹಿಂದಿನದು ಎಂದು.

ನೋರಾ ಮಿಸ್ ಐರ್ಲೆಂಡಿನವರು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು, ಒಂಟಿ. ಬಿಸಿಲಿಗೆ ಕೆಂಪಾದ ಮೂಗು, ಗಂಡಸರು ಹಾಕುವಂಥ ದೊಡ್ಡ ಚಪ್ಪಲಿ. ಉಳಿದ ಟೀಚರುಗಳೆಲ್ಲ ಬೇಸಗೆಯಲ್ಲಿ ಊರಿಗೆ ಹೋದರೂ ಅವರು ಹೋಗುತ್ತಿರಲಿಲ್ಲ. ಯಾಕೆಂದು ಅಮ್ಮ ಒಮ್ಮೆ ಕೇಳಿದಾಗ, "ಅಲ್ಲಿ ಸೆಕೆ ಜಾಸ್ತಿ" ಎಂದು ನಕ್ಕಿದ್ದರು. ಅಮ್ಮ ಅದನ್ನು ಬಹಳ ದಿನ ನಿಜವೆಂದೇ ನಂಬಿದ್ದಳು.

ಸಂಜೆ ಲಗೋರಿ ಮುಗಿಯುವ ಹೊತ್ತಿಗೆ ಜದ್ದಾ ಬೋರೆ ಮರದ ಕೆಳಗೆ ಚಾಪೆ ಹಾಸುತ್ತಿದ್ದಳು. ಏಲಕ್ಕಿ ಹಾಕಿದ ಕಹ್ವಾ ಎಂಬ ಕಾಫಿ, ತಟ್ಟೆಯಲ್ಲಿ ಖರ್ಜೂರ, ಪಕ್ಕದಲ್ಲಿ ಲೋಬಾನದ ಹೊಗೆ. ಅಮ್ಮ ಬೆನ್ನಿಗೆ ದಿಂಬು ಇಟ್ಟುಕೊಂಡು ಕೂರುತ್ತಿದ್ದಳು. ನೋರಾ ಮಿಸ್ ತಮ್ಮ ಕಪ್ಪು ಚಹಾ ತಾವೇ ತರುತ್ತಿದ್ದರು. ಮೂವರು ಹೆಂಗಸರು, ನಾಲ್ಕೈದು ಭಾಷೆ, ನಡುವೆ ದುಭಾಷಿಗಳಾಗಿ ನಾನು ಮತ್ತು ರಯ್ಯಾ.

ಒಂದು ಸಂಜೆ ಗೋರಿಯ ಮಾತು ಬಂತು. ಕಿಟ್ಟುವೇ ತಂದದ್ದು. "ಜದ್ದಾ, ಅದು ಯಾರ ಮನೆ?" ಎಂದು ಗುಡ್ಡದ ಕಡೆ ಕೈ ತೋರಿಸಿದ.

"ಮನುಷ್ಯರದ್ದಲ್ಲ ಬೇಟಾ. ಜಿನ್ನ್ ಕಟ್ಟಿದ್ದು. ಒಂದೇ ರಾತ್ರಿಯಲ್ಲಿ ಕಟ್ಟಿ ಮುಗಿಸಿದ."

"ಯಾಕೆ ಕಟ್ಟಿದ?"

ಜದ್ದಾ ಕಹ್ವಾದ ಬಟ್ಟಲು ಅಲ್ಲಾಡಿಸಿ ಕೆಳಗಿಟ್ಟು, "ಕನ್ಜ್" ಎಂದಳು. ರಯ್ಯಾ ಕೂಡಲೇ, "ಖಜಾನಾ!" ಎಂದು ಅನುವಾದಿಸಿದಳು. ಒಳಗೆ ಪೆಟ್ಟಿಗೆ ಇದೆ, ಅದರ ಮೇಲೆ ಜಿನ್ನ್ ಕೂತಿದ್ದಾನೆ. ಗಾಳಿ ಬೀಸಿದಾಗ ಕಲ್ಲುಗಳ ಸಂದಿನಿಂದ ಬರುವ ಸದ್ದು ಅವನ ಉಸಿರು.

ಅಮ್ಮ ತಲೆಯಾಡಿಸಿದಳು. "ಹಾಗಾದ್ರೆ ಸರ್ಪ ಇರ್ತದೆ. ನಿಧಿ ಇದ್ದಲ್ಲಿ ಸರ್ಪ ಇಲ್ಲದೆ ಇರ್ಲಿಕ್ಕೆ ಉಂಟಾ? ನಮ್ಮ ಅಜ್ಜಿ ಮನೆ ಹತ್ರ ಬನದಲ್ಲಿ ಒಂದು ಕೊಪ್ಪರಿಗೆ ಉಂಟಂತೆ. ಸುತ್ತಿಕೊಂಡು ಕೂತಿದೆಯಂತೆ. ಅದನ್ನು ಮುಟ್ಟಿದವರ ಸಂತಾನ ಉಳಿಯುದಿಲ್ಲ." ಹೇಳಿ ಮುಗಿಸುವಷ್ಟರಲ್ಲಿ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

ನಾನು ಅದನ್ನು ಇಂಗ್ಲಿಷಿಗೆ ತಂದಾಗ ನೋರಾ ಮಿಸ್ ಚಹಾ ಕೆಳಗಿಟ್ಟರು. "ನಮ್ಮಲ್ಲಿ ಹೋರಿ" ಎಂದರು. "ಕರಿ ಹೋರಿ."

ಅವರ ಊರು ಐರ್ಲೆಂಡಿನ ಪಶ್ಚಿಮದಲ್ಲಿ, ಸಮುದ್ರದ ಹತ್ತಿರ. ಅವರ ಮನೆಯ ಹಿಂದಿನ ಹೊಲದಲ್ಲೇ ಒಂದು ಗೋರಿ. ಎರಡು ಕಲ್ಲು ನೆಟ್ಟು, ಮೇಲೆ ಹಾಸುಗಲ್ಲು ಇಟ್ಟಿದ್ದಾರೆ, ಮಂಚದ ಹಾಗೆ. ಹಳೆಯ ಕಾಲದ ರಾಜನೊಬ್ಬನನ್ನು ಅದರ ಕೆಳಗೆ ಹೂತಿದ್ದಾರೆ, ಅವನ ತಲೆಯ ಬಳಿ ಬೆಣ್ಣೆ ಹಾಕಿಡುವ ಮಣ್ಣಿನ ಗಡಿಗೆ, ಗಡಿಗೆಯ ತುಂಬ ಚಿನ್ನ. ಯಾರು ಬೇಕಾದರೂ ಅಗೆಯಬಹುದು. ಆದರೆ ಅಗೆಯಲು ಶುರು ಮಾಡಿದ ಮೇಲೆ ಗಡಿಗೆ ಮೇಲೆ ಬರುವವರೆಗೆ ಒಂದೇ ಒಂದು ಮಾತು ಆಡಕೂಡದು. ಮಾತಾಡಿದರೆ ಗಡಿಗೆ ಕೆಳಗೆ ಇಳಿದುಹೋಗುತ್ತದೆ.

"ನಮ್ಮ ಅಜ್ಜನ ಕಾಲದಲ್ಲಿ ಮೂವರು ಅಗೆದಿದ್ದರಂತೆ. ಗಡಿಗೆಯ ಮುಚ್ಚಳಕ್ಕೆ ಸನಿಕೆ ತಾಗಿ ಟಣ್ ಎಂದಿತಂತೆ. ತಲೆಯೆತ್ತಿದರೆ ಹಾಸುಗಲ್ಲಿನ ಮೇಲೆ ಹೋರಿ ನಿಂತಿದೆ. ಒಬ್ಬ 'ದೇವರೇ' ಎಂದುಬಿಟ್ಟ. ಮುಗಿಯಿತು."

"ನೀವು ಅಗೆದಿದ್ದೀರಾ?" ಎಂದು ಕಿಟ್ಟು ಕೇಳಿದ.

"ಅಗೆದಿದ್ದೇವೆ. ನಾನು, ನನ್ನ ಅಣ್ಣ ಡೋನಲ್. ನಿನ್ನಷ್ಟೇ ಇದ್ದೆ ನಾನು. ಸ್ವಲ್ಪ ಹೊತ್ತು ಅಗೆದೆವು, ಗಾಳಿ ಬಂತು, ಏನೋ ಸದ್ದಾಯಿತು, ನಮ್ಮಲ್ಲಿ ಒಬ್ಬರು ಕೂಗಿದರು. ಇಬ್ಬರೂ ಓಡಿದೆವು."

"ಕೂಗಿದ್ದು ಯಾರು?"

"ಅವನು ನನ್ನ ಹೆಸರು ಹೇಳುತ್ತಾನೆ. ನಾನು ಅವನ ಹೆಸರು ಹೇಳುತ್ತೇನೆ."

ನಾವೆಲ್ಲ ನಕ್ಕೆವು. ನೋರಾ ಮಿಸ್ ಕೂಡ ನಕ್ಕರು, ಆಮೇಲೆ ಬಟ್ಟೆಗೆ ಹತ್ತಿದ ಮರಳು ಕೊಡವಿದಷ್ಟೇ ಸಹಜವಾಗಿ ಮುಂದಿನದನ್ನೂ ಹೇಳಿದರು. ಬಹಳ ವರ್ಷ ಅದು ಮನೆಯವರೆಲ್ಲ ಹೇಳಿಕೊಂಡು ನಗುವ ವಿಷಯವಾಗಿತ್ತಂತೆ. ಅವರ ಅಪ್ಪ ತೀರಿಕೊಂಡ ಮೇಲೆ ಮನೆ, ಹೊಲದ ವಿಷಯಕ್ಕೆ ಮಾತು ಬೆಳೆದು, ಅಂದು ಕೂಡ ಡೋನಲ್ ಅದನ್ನೇ ಎತ್ತಿ, "ಮೊದಲಿನಿಂದಲೂ ಎಲ್ಲ ಹಾಳು ಮಾಡಿದ್ದು ನೀನೇ" ಎಂದನಂತೆ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ಅಮ್ಮ ನನ್ನ ಕಡೆ ತಿರುಗಿ, "ಯಾರೂ ಕಾಣದ ಚಿನ್ನಕ್ಕೆ ಒಡಹುಟ್ಟಿದವರು ಮಾತು ಬಿಡುದಾ? ಇದನ್ನು ಅವರಿಗೆ ಹೇಳ್ಬೇಡ ನೀನು" ಎಂದಳು. ನಾನು ಹೇಳಲಿಲ್ಲ. ಅಮ್ಮನ ಮುಖ ನೋಡಿ ನೋರಾ ಮಿಸ್‌ಗೆ ಗೊತ್ತಾಯಿತೆಂದು ಕಾಣುತ್ತದೆ. "ಹೌದು ಸುಮತಿ, ಮೂರ್ಖತನವೇ" ಎಂದು ಕಪ್ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಫಲಜ್‌ನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾಗ ನಾವು ಮೂವರೂ ತೀರ್ಮಾನ ಮಾಡಿದೆವು. ಜಿನ್ನ್‌ನ ಪೆಟ್ಟಿಗೆಗೂ ನೋರಾ ಮಿಸ್ ಹೇಳಿದ ನಿಯಮವೇ ಇರಬೇಕು. ಮಾತಾಡದೆ ಅಗೆದರೆ ಸಿಗುತ್ತದೆ. ರಯ್ಯಾಳಿಗೆ ತನ್ನ ದೊಡ್ಡಪ್ಪನ ಗಂಡುಮಕ್ಕಳಿಗೆ ತೋರಿಸಬೇಕಾಗಿತ್ತು. ಅವರು ಅವಳನ್ನು ವಾದಿಗೆ, ಅಂದರೆ ಗುಡ್ಡಗಳ ನಡುವಿನ ಹಳ್ಳಕ್ಕೆ, ಈಜಲು ಕರೆದುಕೊಂಡು ಹೋಗುತ್ತಿರಲಿಲ್ಲ. ನನಗೆ ನೋರಾ ಮಿಸ್‌ಗೆ ತೋರಿಸಬೇಕಾಗಿತ್ತು. ಕಿಟ್ಟುವಿಗೆ ಜಿನ್ನ್‌ನನ್ನು ನೋಡಬೇಕಾಗಿತ್ತು.

"ಬಬ್ಬಗಾ ಬೇಡ" ಎಂದಳು ರಯ್ಯಾ. "ಇವನು ಬಾಯಿ ಮುಚ್ಚಲ್ಲ. ಕನ್ಜ್ ಖಲಾಸ್."

ಕಿಟ್ಟು ನನ್ನ ಅಂಗಿ ಹಿಡಿದುಕೊಂಡ. "ಅಕ್ಕ, ನಾನು ಮಾತಾಡುದಿಲ್ಲ. ಸತ್ಯ ಮಾತಾಡುದಿಲ್ಲ. ದೇವರಾಣೆ."

ನಾವು ಪರೀಕ್ಷೆ ಮಾಡಿದೆವು. ಲಗೋರಿ ಆಡುವಾಗ ಅವನು ಬಾಯಿ ತೆರೆಯಬಾರದು ಎಂದೆವು. ಮೊದಲ ದಿನ ಚೆಂಡು ಬೆನ್ನಿಗೆ ಬಿದ್ದ ಕೂಡಲೇ "ಔಟ್ ಅಲ್ಲ!" ಎಂದು ಕಿರುಚಿದ. ಎರಡನೆಯ ದಿನವೂ ಸೋತ. ಆಮೇಲೆ ಅವನೇ ಒಂದು ಉಪಾಯ ಕಂಡುಕೊಂಡ. ಬಾಯಿಗೆ ಖರ್ಜೂರದ ಬೀಜ ಹಾಕಿಕೊಂಡು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವುದು. ಹಾಗೆ ಒಂದು ಇಡೀ ಸಂಜೆ ಮಾತಿಲ್ಲದೆ ಆಡಿದ. ಜದ್ದಾ ಹೆದರಿ, "ಬಬ್ಬಗಾನಿಗೆ ಜ್ವರವಾ?" ಎಂದು ಹಣೆ ಮುಟ್ಟಿ ನೋಡಿದಳು. ರಯ್ಯಾ ಒಪ್ಪಿದಳು.

ಒಂದು ಶುಕ್ರವಾರ ಹೊರಟೆವು. ಬೆಳಗಿನ ನಮಾಜು ಮುಗಿಸಿ ಜದ್ದಾಳ ಮನೆಯವರೆಲ್ಲ ಮತ್ತೆ ಮಲಗಿದ್ದರು. ಅಪ್ಪ ಸುವೈಕ್‌ನಲ್ಲಿ. ಅಮ್ಮ ನಿದ್ದೆಯಲ್ಲಿ. ನಾನು ಅಡುಗೆಮನೆಯಿಂದ ದೊಡ್ಡ ಸೌಟು ತಂದಿದ್ದೆ, ರಯ್ಯಾ ತೋಟದಲ್ಲಿ ಪಾತಿ ಮಾಡುವ ಚಿಕ್ಕ ಗುದ್ದಲಿ. ಕಿಟ್ಟು ನೀರಿನ ಬಾಟಲಿ ಹಿಡಿದಿದ್ದ. ಗುಡ್ಡ ಹತ್ತುವಾಗಲೇ ಬೀಜ ಬಾಯಿಗೆ ಹಾಕಿಕೊಂಡಿದ್ದ. ಸೂರ್ಯ ಇನ್ನೂ ಮೇಲೆ ಬಂದಿರಲಿಲ್ಲ, ಆದರೂ ಕಲ್ಲುಗಳು ಹಿಂದಿನ ದಿನದ ಬಿಸಿಯನ್ನು ಬಿಟ್ಟಿರಲಿಲ್ಲ.

ಹತ್ತಿರದಿಂದ ನೋಡಿದರೆ ಗೋರಿ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ಬುಡದಲ್ಲಿ ಒಂದು ಕಿರುಬಾಗಿಲು, ಮೇಲಕ್ಕೆ ಹೋದಂತೆ ಕಿರಿದಾಗುವ ಬಾಯಿ. ರಯ್ಯಾ ತೂರಲು ನೋಡಿದಳು, ಭುಜ ಸಿಕ್ಕಿಹಾಕಿಕೊಂಡಿತು. ನನ್ನದೂ ಅದೇ ಕಥೆ. ಕಿಟ್ಟು ನಮ್ಮಿಬ್ಬರನ್ನೂ ಸರಿಸಿ, ನನ್ನ ಕೈಯ ಸೌಟು ಕಿತ್ತುಕೊಂಡು, ಹೊಟ್ಟೆಯ ಮೇಲೆ ತೆವಳುತ್ತ ಒಳಗೆ ಹೋಗಿಯೇಬಿಟ್ಟ. ಅವನನ್ನು ಕರೆಯಲು ಬಾಯಿ ತೆರೆದೆ, ನಿಯಮ ನೆನಪಾಗಿ ಮುಚ್ಚಿದೆ.

ಒಳಗಿನಿಂದ ಆಡಿನ ಹಿಕ್ಕೆಯ, ಹಳೆಯ ಧೂಳಿನ ವಾಸನೆ ಬರುತ್ತಿತ್ತು. ಅವನು ಸೌಟಿನಿಂದ ಕೆರೆಯುವ ಸದ್ದು ಕೇಳುತ್ತಿತ್ತು. ಕೆರೆದದ್ದನ್ನು ಬಾಗಿಲಿನವರೆಗೆ ತಳ್ಳುತ್ತಿದ್ದ, ನಾವು ಎಳೆದು ಹೊರಗೆ ಹಾಕುತ್ತಿದ್ದೆವು. ಕಲ್ಲು, ಕಲ್ಲು, ಒಂದು ತುಕ್ಕು ಹಿಡಿದ ಮೀನಿನ ಡಬ್ಬ, ಯಾವುದೋ ಪ್ರಾಣಿಯ ಮೂಳೆ. ಆಮೇಲೆ ಸದ್ದು ನಿಂತಿತು.

ಕಿಟ್ಟು ಹಿಮ್ಮುಖವಾಗಿ ತೆವಳುತ್ತ ಹೊರಗೆ ಬಂದ. ಬಲಗೈಯನ್ನು ತೊಡೆಗಳ ಸಂದಿನಲ್ಲಿ ಒತ್ತಿ ಹಿಡಿದಿದ್ದ. ಕೆನ್ನೆಯ ಮೇಲಿನ ಧೂಳಿನಲ್ಲಿ ಕಣ್ಣೀರು ಗೆರೆ ಎಳೆದಿತ್ತು. ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿತ್ತು. ಏನಾಯಿತು ಎಂದು ನಾನು ಕೈಸನ್ನೆ ಮಾಡಿದೆ. ಏನಿಲ್ಲ ಎಂದು ತಲೆ ಅಲ್ಲಾಡಿಸಿ, ಎಡಗೈಯಿಂದ ಒಳಗೆ ತೋರಿಸಿದ. ಅಗೆಯಿರಿ, ಅಗೆಯಿರಿ ಎಂಬಂತೆ. ಅವನ ಕಾಲುಗಳು ನಡುಗುತ್ತಿದ್ದವು. ಮೈಯೆಲ್ಲ ಬೆವರು. ತುಟಿಯ ಅಂಚಿನಿಂದ ಜೊಲ್ಲು ಇಳಿಯತೊಡಗಿತು. ರಯ್ಯಾ ಬಲವಂತವಾಗಿ ಅವನ ಕೈ ಎಳೆದು ನೋಡಿದಳು. ಹೆಬ್ಬೆರಳಿನ ಬುಡ ಕೆಂಪಾಗಿ ಊದುತ್ತಿತ್ತು.

"ಕಿಟ್ಟೂ! ಎಂತಾಯ್ತು? ಎಂತ ಕಚ್ಚಿತು ಹೇಳು!" ಎಂದು ನಾನು ಕಿರುಚಿದೆ.

ಅವನು ಎಡಗೈಯ ಮುಷ್ಟಿಯನ್ನು ನನ್ನ ಬಾಯಿಯ ಮೇಲೆ ಇಟ್ಟು ಒತ್ತಿದ. ಆ ಕೈಯಲ್ಲಿ ಮಣ್ಣಿನ ವಾಸನೆ, ಖರ್ಜೂರದ ಅಂಟು. ನಾನು ಅದನ್ನು ಕಿತ್ತು ಮತ್ತೆ ಕೂಗಿದೆ. ಆಗ ಅವನ ಬಾಯಿಂದ ಬೀಜ ಬಿತ್ತು. "ನೀನು ಮಾತಾಡಿದೆ ಅಕ್ಕ" ಎಂದು ಜೋರಾಗಿ ಅತ್ತ. ಆಮೇಲೆ, "ಚೇಳು" ಎಂದ.

ರಯ್ಯಾ ಆಗಲೇ ಗುಡ್ಡ ಇಳಿಯುತ್ತಿದ್ದಳು. ಚಪ್ಪಲಿ ಕಾಲಿನಿಂದ ಹಾರಿಹೋಗಿದ್ದವು. "ಅಕ್ರಬ್! ಅಕ್ರಬ್!" ಎಂದು ಚೇಳಿನ ಹೆಸರು ಕೂಗುತ್ತ ಓಡಿದಳು. ನಾನು ಕಿಟ್ಟುವನ್ನು ಬೆನ್ನಿಗೆ ಹಾಕಿಕೊಂಡೆ. ಅವನು ಅಷ್ಟು ಭಾರ ಇದ್ದಾನೆಂದು ನನಗೆ ಗೊತ್ತಿರಲಿಲ್ಲ. ಅರ್ಧ ದಾರಿ ಇಳಿಯುವಷ್ಟರಲ್ಲಿ ನನ್ನ ಕುತ್ತಿಗೆಯ ಮೇಲೆ ವಾಂತಿ ಮಾಡಿಕೊಂಡ. ಕೆಳಗಿನಿಂದ ನೋರಾ ಮಿಸ್ ಹತ್ತಿ ಬರುತ್ತಿದ್ದರು, ಮಲಗುವ ಗೌನಿನಲ್ಲೇ, ಆ ದೊಡ್ಡ ಚಪ್ಪಲಿಗಳಲ್ಲಿ. ಏನೂ ಕೇಳದೆ ಅವನನ್ನು ನನ್ನ ಬೆನ್ನಿನಿಂದ ಎತ್ತಿಕೊಂಡರು.

ಅವರ ಚಿಕ್ಕ ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ ಜದ್ದಾ ಆಗಲೇ ಕೂತಿದ್ದಳು. ಕಿಟ್ಟುವನ್ನು ಮಡಿಲಲ್ಲಿ ಮಲಗಿಸಿಕೊಂಡು, ಕಚ್ಚಿದ ಕೈಯನ್ನು ಅಲ್ಲಾಡದಂತೆ ಕೆಳಗೆ ಹಿಡಿದಳು. ಬಾಯಲ್ಲಿ ಪ್ರಾರ್ಥನೆ. ನಡುನಡುವೆ ಅವನ ಕೆನ್ನೆ ತಟ್ಟುತ್ತಿದ್ದಳು. "ಮಾತಾಡು ಬಬ್ಬಗಾ. ಬಾತ್ ಕರೋ. ಒಂಟೆ ಸೀನ್ತದಾ, ಹೇಳು. ಮಲಗಬೇಡ. ಯಲ್ಲಾ, ಮಾತಾಡು." ಕಿಟ್ಟು ಕಣ್ಣು ಮೇಲಕ್ಕೆ ಮಾಡಿ ಏನೇನೋ ಹೇಳುತ್ತಿದ್ದ, ಅದರಲ್ಲಿ ಒಂದು ಅಕ್ಷರವೂ ಅರ್ಥವಾಗುತ್ತಿರಲಿಲ್ಲ. ನೋರಾ ಮಿಸ್ ಕಾರು ಓಡಿಸುತ್ತಿದ್ದ ರೀತಿ ನೋಡಿ ನಾನು ಸೀಟು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಆಸ್ಪತ್ರೆಯಲ್ಲಿ ಅವನನ್ನು ಕೂಡಲೇ ಒಳಗೆ ಕರೆದೊಯ್ದರು. ಆ ಕಡೆ ಚೇಳು ಕಚ್ಚಿಸಿಕೊಂಡು ಬರುವವರು ಹೊಸಬರಲ್ಲ, ಔಷಧಿ ಇತ್ತು. ನೋರಾ ಮಿಸ್ ಹಿಂದಿರುಗಿ ಹೋಗಿ ಅಮ್ಮನನ್ನು ಕರೆತಂದರು. ಅಮ್ಮ ನೈಟಿಯ ಮೇಲೆ ಶಾಲು ಹೊದ್ದಿದ್ದಳು, ಒಂದು ಕೈ ಹೊಟ್ಟೆಯ ಕೆಳಗೆ. ಕಾರಿಡಾರಿನಲ್ಲಿ ನನ್ನನ್ನು ನೋಡಿ ಬೈಯುತ್ತಾಳೆ ಎಂದುಕೊಂಡೆ. ಅವಳು ನನ್ನ ತಲೆ, ಕೈ, ಕಾಲುಗಳನ್ನು ತಡವಿ, "ನಿನಗೆ ಎಲ್ಲಿಯೂ ಕಚ್ಚಲಿಲ್ಲ ಅಲ್ವಾ?" ಎಂದು ಮಾತ್ರ ಕೇಳಿದಳು. ಕಿಟ್ಟುವಿನ ಹಾಸಿಗೆಯ ಪಕ್ಕದಲ್ಲಿ ಕೂತ ಮೇಲೆ, ನರ್ಸ್ ಎಷ್ಟು ಹೇಳಿದರೂ ಏಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವನ ಮೈ ನಡುಕ ಇಳಿಯಿತು. ಅಪ್ಪ ಸುವೈಕ್‌ನಿಂದ ಬಂದಿದ್ದರು, ಅಂಗಿಯಲ್ಲಿ ಇನ್ನೂ ಗ್ರೀಸು. ಕಿಟ್ಟು ಕಣ್ಣು ತೆರೆದು ಸುತ್ತ ನೋಡಿ, ಎಲ್ಲರನ್ನೂ ಬಿಟ್ಟು ಬಾಗಿಲಲ್ಲಿ ನಿಂತಿದ್ದ ನೋರಾ ಮಿಸ್‌ಗೆ ಇಂಗ್ಲಿಷಿನಲ್ಲಿ ಹೇಳಿದ: "ಮಿಸ್, ನಾನು ಮಾತಾಡಲಿಲ್ಲ. ಅಕ್ಕ ಮಾತಾಡಿದ್ದು."

ನೋರಾ ಮಿಸ್ ಅವನ ಕಾಲ ಬಳಿ ಬಂದು ನಿಂತರು. "ಗೊತ್ತು" ಎಂದರು. "ನಿನಗೆ ನೋವಾಗಿತ್ತು, ಅದಕ್ಕೇ ಅವಳು ಮಾತಾಡಿದಳು." ಬಹಳ ಹೊತ್ತು ಅವನ ಹೊದಿಕೆಯ ಅಂಚನ್ನು ಮಡಚುತ್ತ, ಬಿಡಿಸುತ್ತ ನಿಂತಿದ್ದರು.

ಅವನ ಎಡಗೈಯ ಮುಷ್ಟಿಯಲ್ಲಿ ಮಡಕೆಯ ಒಂದು ಚೂರಿತ್ತು. ಬೆರಳ ಉಗುರಿನಷ್ಟು ಅಗಲ, ಕೆಂಪು, ಮೇಲೆ ಯಾರೋ ಕುಂಚದಿಂದ ಎಳೆದ ಕಪ್ಪು ಗೆರೆ. ಯಾವಾಗ ಮುಷ್ಟಿಗೆ ಬಂತೋ ಅವನಿಗೂ ಗೊತ್ತಿಲ್ಲ. ಜದ್ದಾ ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಮರುದಿನ ಬೆಳಿಗ್ಗೆ, ಮಂಡಿನೋವಿನ ಮುದುಕಿ, ರಯ್ಯಾಳ ಭುಜ ಹಿಡಿದು ಗುಡ್ಡ ಹತ್ತಿ ಅದನ್ನು ಇದ್ದಲ್ಲೇ ಇಟ್ಟು ಬಂದಳು. "ಅವರದ್ದು ಅವರಿಗೆ" ಎಂದಳು, ಅಷ್ಟೆ.

ಆದರೆ ಅಂಗಳ ಮೊದಲಿನಂತಾಗಲಿಲ್ಲ. ಆಸ್ಪತ್ರೆಯಿಂದ ಹೊರಡುವಾಗ ಅಮ್ಮ ತನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ನೋರಾ ಮಿಸ್‌ಗೆ ಹೇಳಿದ್ದಳು: "ನೀವು ಒಳ್ಳೆಯವರು. ಥ್ಯಾಂಕ್ಯೂ. ಆದರೆ ನೋ ಮೋರ್ ಸ್ಟೋರಿ. ಪ್ಲೀಸ್." ನೋರಾ ಮಿಸ್ "ಹೌದು, ಖಂಡಿತ" ಎಂದಿದ್ದರು. ಆಮೇಲಿನ ಸಂಜೆಗಳಲ್ಲಿ ಅವರು ಹೊರಗೆ ಬರಲಿಲ್ಲ. ಅವರ ಕಿಟಕಿಯ ಬೆಳಕು ಕಾಣುತ್ತಿತ್ತು, ರೇಡಿಯೋದ ಸದ್ದು ಕೇಳುತ್ತಿತ್ತು. ಜದ್ದಾ ಚಾಪೆ ಹಾಸುತ್ತಿದ್ದಳು, ಅಮ್ಮ ಸ್ವಲ್ಪ ಹೊತ್ತು ಕೂತು ಬೆನ್ನುನೋವೆಂದು ಎದ್ದುಹೋಗುತ್ತಿದ್ದಳು. ಕಿಟ್ಟು ಎಂದಿನ ಕಿಟ್ಟುವೇ ಆಗಿದ್ದ. ತಾನು ಹೇಗೆ ಬಾಯಿ ಬಿಡಲಿಲ್ಲ ಎಂಬುದನ್ನು ಸಿಕ್ಕಸಿಕ್ಕವರಿಗೆಲ್ಲ ಬಾಯಿಗೆ ಬಿಡುವಿಲ್ಲದೆ ಹೇಳುತ್ತಿದ್ದ.

ತೋಟದಲ್ಲಿ ಖರ್ಜೂರ ಕೊಯ್ದು ಮುಗಿದಿತ್ತು, ಅಂಗಳದ ತುಂಬ ಹಣ್ಣು ಒಣಹಾಕಿದ್ದರು, ಬೆಲ್ಲ ಕಾಯಿಸಿದಂಥ ವಾಸನೆ. ಆಗ ಒಂದು ದಿನ ನೋರಾ ಮಿಸ್ ನಮ್ಮ ಬಾಗಿಲು ತಟ್ಟಿದರು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತರು.

"ಸುಮತಿ, ನಿನ್ನೆ ಡೋನಲ್‌ಗೆ ಫೋನ್ ಮಾಡಿದೆ."

ಅಮ್ಮ ನನ್ನ ಮುಖ ನೋಡಿದಳು. ನಾನು ಕನ್ನಡದಲ್ಲಿ ಹೇಳಿದೆ. "ಎಂತ ಹೇಳಿದರಂತೆ ಕೇಳು" ಎಂದಳು.

"ಮಳೆ ಬರ್ತಾ ಇದೆ ಎಂದ."

"ಅಷ್ಟೇನಾ?"

"ಹುಲ್ಲು ಕೊಯ್ಯಲು ಆಗಿಲ್ಲವಂತೆ. ಒಂದು ಹಸು ಕರು ಹಾಕಿದೆಯಂತೆ. ಗೋರಿಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಳೆಯ ವಿಷಯವೇ ಬಹಳ ಹೊತ್ತು ಮಾತಾಡಿದೆವು." ನೋರಾ ಮಿಸ್‌ರ ಮೂಗು ಎಂದಿಗಿಂತ ಕೆಂಪಾಗಿತ್ತು.

ಅಮ್ಮ ಬಾಗಿಲಿನಿಂದ ಪಕ್ಕಕ್ಕೆ ಸರಿದು, "ಬನ್ನಿ, ಕೂತ್ಕೊಳ್ಳಿ" ಎಂದು ಕನ್ನಡದಲ್ಲೇ ಹೇಳಿದಳು. ನೀರುದೋಸೆಯ ಹಿಟ್ಟು ಇತ್ತು. ಅಮ್ಮ ಕೂರದೆ, ಬೆನ್ನುನೋವೆನ್ನದೆ ಹೊಯ್ಯುತ್ತ ಹೋದಳು, ನೋರಾ ಮಿಸ್ ಸಕ್ಕರೆ ಹಾಕಿಕೊಂಡು ತಿನ್ನುತ್ತ ಹೋದರು. ಆ ಸಂಜೆ ಮೂವರೂ ಮತ್ತೆ ಬೋರೆ ಮರ ಸೇರಿದರು. ಕಥೆ ಯಾರೂ ಹೇಳಲಿಲ್ಲ. ಹೆರಿಗೆಗೆ ಇಲ್ಲಿಯ ಆಸ್ಪತ್ರೆಯೋ ಮಸ್ಕತ್ತೋ ಎಂಬ ಚರ್ಚೆ ನಡೆಯಿತು.

ತಂಗಿ ಇಬ್ರಾದಲ್ಲೇ ಹುಟ್ಟಿದಳು. ಮುಂದಿನ ಬೇಸಗೆಯಲ್ಲಿ ನೋರಾ ಮಿಸ್ ಊರಿಗೆ ಹೋದರು, ಹೋದವರು ಮರಳಲಿಲ್ಲ. ಡೋನಲ್‌ಗೆ ಆರೋಗ್ಯ ಸರಿಯಿಲ್ಲ, ಹೊಲ ನೋಡಿಕೊಳ್ಳಲು ಅಲ್ಲೇ ಉಳಿದರು ಎಂದು ಕಾಲೇಜಿನವರು ಹೇಳಿದರು. ಕೆಲವು ವರ್ಷ ಡಿಸೆಂಬರಿನಲ್ಲಿ ಕಾರ್ಡು ಬರುತ್ತಿತ್ತು, ಆಮೇಲೆ ನಿಂತಿತು. ನಾವೂ ಅಪ್ಪನ ಕೆಲಸದ ಹಿಂದೆ ಮಸ್ಕತ್ತಿಗೆ ಬಂದೆವು. ರಯ್ಯಾ ಮದುವೆಯಾಗಿ ಸಲಾಲಾಕ್ಕೆ ಹೋದಳೆಂದು ಕೇಳಿದೆ. ಜದ್ದಾ ತೀರಿಕೊಂಡ ಸುದ್ದಿ ನಮಗೆ ತಲುಪಿದಾಗ ಅದಾಗಲೇ ಹಳೆಯದಾಗಿತ್ತು. ಕಿಟ್ಟು ಈಗ ದುಬೈಯಲ್ಲಿದ್ದಾನೆ. ಚೇಳು ಕಚ್ಚಿದ ನೋವು ಅವನಿಗೆ ನೆನಪಿಲ್ಲವಂತೆ. ಯಾರೋ ಕೆನ್ನೆ ತಟ್ಟುತ್ತಿದ್ದದ್ದು ಮಾತ್ರ ನೆನಪಿದೆಯಂತೆ.

ನಾನು ಮದುವೆಯಾಗಿ ಮಸ್ಕತ್ತಿನ ಅಲ್ ಖೌದ್‌ನಲ್ಲಿದ್ದೇನೆ. ಅಪ್ಪ ಹೋದ ಮೇಲೆ ಅಮ್ಮನೂ ನಮ್ಮ ಜೊತೆಗೇ ಇದ್ದಾಳೆ. ಕಳೆದ ಚಳಿಗಾಲದಲ್ಲಿ ಮಗಳನ್ನು ಕರೆದುಕೊಂಡು ಇಬ್ರಾಕ್ಕೆ ಹೋಗಿದ್ದೆ. ಗುಡ್ಡಕ್ಕೆ ತಂತಿಬೇಲಿ ಹಾಕಿದ್ದಾರೆ, ಫಲಕ ನಿಲ್ಲಿಸಿದ್ದಾರೆ. ಮಗಳು ಫೋನಿನಲ್ಲಿ ಹುಡುಕಿ, ಇವು ಸಾವಿರಾರು ವರ್ಷ ಹಳೆಯವು, ಒಳಗಿದ್ದದ್ದನ್ನೆಲ್ಲ ಹಿಂದೆಯೇ ದೋಚಿದ್ದಾರೆ ಎಂದು ಒಂದೇ ನಿಮಿಷದಲ್ಲಿ ಓದಿ ಹೇಳಿದಳು. ಅವಳು ಹೇಳಿದ್ದು ಸರಿಯೇ.

ಬೇಲಿಯ ಹತ್ತಿರ ಸೈಕಲ್ ತುಳಿಯುತ್ತಿದ್ದ ಹುಡುಗಿಯೊಬ್ಬಳು ನಮ್ಮನ್ನು ಪ್ರವಾಸಿಗರೆಂದುಕೊಂಡು, ಸ್ಕೂಲಿನ ಇಂಗ್ಲಿಷಿನಲ್ಲಿ ಎಚ್ಚರಿಸಿದಳು. ಒಳಗೆ ಹೋಗಬಾರದಂತೆ. ಹಿಂದೆ ಒಬ್ಬ ಹಿಂದಿ ಹುಡುಗ, ಅಂದರೆ ಇಂಡಿಯಾದವನು, ಹೋಗಿ ಚಿನ್ನ ಮುಟ್ಟಿದನಂತೆ, ಜಿನ್ನ್ ಅವನ ನಾಲಗೆ ಕಚ್ಚಿತಂತೆ, ಆಮೇಲೆ ಅವನು ಒಂದು ಮಾತೂ ಆಡಲಿಲ್ಲವಂತೆ. ನಿನಗೆ ಇದನ್ನು ಯಾರು ಹೇಳಿದರು ಎಂದು ಕೇಳಿದೆ. ಎಲ್ಲರಿಗೂ ಗೊತ್ತು ಎಂದಳು. ಝುವೈನಾ ಎಂಬವರ ಮನೆ ಎಲ್ಲಿತ್ತು ಎಂದು ಕೇಳಿದೆ. ಅದು ಅವಳಿಗೆ ಗೊತ್ತಿರಲಿಲ್ಲ.

ನಾನೇ ಹುಡುಕಿದೆ. ತೋಟದ ಆ ಅಂಚಿನಲ್ಲಿ ಈಗ ಮರಗಳಿಲ್ಲ, ಫಲಜ್‌ಗೆ ನೀರು ಬರುವುದಿಲ್ಲ. ಗುಡ್ಡವನ್ನು ಬೆನ್ನಿಗೆ ಇಟ್ಟುಕೊಂಡು ಅಂದಾಜಿನ ಮೇಲೆ ನಡೆದೆ. ಅಂಗಳ ಇದ್ದ ಕಡೆ ಟಯರ್ ಅಂಗಡಿ ಇತ್ತು.

ಸಂಜೆ ಮನೆಗೆ ಬಂದಾಗ ಅಮ್ಮ ಎಲ್ಲ ಕೇಳಿದಳು. ಮಣ್ಣಿನ ಮನೆ, ನಮ್ಮ ಮನೆ, ನೋರಾ ಮಿಸ್‌ರ ಮನೆ, ಬೋರೆ ಮರ. ಒಂದೊಂದಕ್ಕೂ ಇಲ್ಲ ಎಂದೆ.

"ಹಾಗಾದ್ರೆ ಈಗ ಅಲ್ಲಿ ಸಂಜೆ ಯಾರೂ ಕೂತ್ಕೊಳ್ಳುದಿಲ್ವಾ?"

"ಕೂತ್ಕೊಳ್ತಾರಮ್ಮ" ಎಂದೆ. "ಟಯರ್ ಹಾಕಿಸ್ಲಿಕ್ಕೆ ಬಂದವರು."